ಕಾಡಿನ ದಾಸ್ತಾನು ಲೆಕ್ಕ ಹಾಕಿದ ಗಾಡ್ಗೀಳರು

ಅಮ್ಮಸಂದ್ರದ ಅಂಗಡಿಯವರಿಗೆ ದಾಸ್ತಾನಿನ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಎಂಬುದು ರಾತ್ರಿ ಬಾಗಿಲು ಹಾಕುವ ಮುಂಚೆ ಗೊತ್ತಾಗಿಬಿಡುತ್ತೆ. ಬರುವುದಕ್ಕಿಂತ ಹೋಗುವುದೇ ಹೆಚ್ಚಾದರೆ ಅಂಗಡಿ ಎಷ್ಟು ದಿನ ನಡೆದೀತು? ಇದೇ ಲೆಕ್ಕವನ್ನು ಕಾಡಿಗೆ ಹಾಕಿ ತೋರಿಸಿದವರು ಡಾ. ಮಾಧವ ಗಾಡ್ಗೀಳ್.

1942ರಲ್ಲಿ ಪುಣೆಯಲ್ಲಿ ಹುಟ್ಟಿದ ಗಾಡ್ಗೀಳರು ಅಮೆರಿಕದ ಹಾರ್ವರ್ಡ್‌ನಲ್ಲಿ ಓದಿ, ಗಿಡ-ಪ್ರಾಣಿಗಳ ಹುಟ್ಟು ಸಾವನ್ನು ಗಣಿತದಿಂದ ಅಳೆಯುವ ವಿದ್ಯೆಯಲ್ಲಿ ಡಾಕ್ಟರೇಟ್ ಪಡೆದರು. ಅಲ್ಲೇ ಸುಖವಾಗಿ ಇರಬಹುದಿತ್ತು. ಇರಲಿಲ್ಲ. ಊರಿಗೆ ಮರಳಿ, 1973ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಸೇರಿದರು. 1983ರಲ್ಲಿ ಅಲ್ಲಿ ಪರಿಸರ ವಿಜ್ಞಾನ ಕೇಂದ್ರ ಕಟ್ಟಿದರು. ಪತ್ನಿ ಸುಲೋಚನಾ ಗಾಡ್ಗೀಳ್ ಮುಂಗಾರಿನ ವಿಜ್ಞಾನಿ. ಇದೇ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಕಡಲೆಕಾಯಿ ಯಾವಾಗ ಬಿತ್ತಿದರೆ ಲೇಸೆಂದು ರೈತರ ಜತೆ ಕೂತು ಲೆಕ್ಕ ಹಾಕಿದವರು.

ಗಾಡ್ಗೀಳರಿಗೆ ದೊಡ್ಡ ಪಾಠ ಸಿಕ್ಕಿದ್ದು ಉತ್ತರ ಕನ್ನಡದ ಬಿದಿರು ಮೆಳೆಗಳಲ್ಲಿ. ಕಾಗದದ ಗಿರಣಿಗೆ ಬಿದಿರು ಹೋಗುತ್ತಿತ್ತು, ಬುಟ್ಟಿ ಹೆಣೆಯುವವರಿಗೆ ಸಿಗದಾಗಿತ್ತು. 1970ರ ದಶಕದಲ್ಲಿ ರಾಜ್ಯ ಸರ್ಕಾರ ಇವರಿಗೆ ಲೆಕ್ಕ ನೋಡಲು ಹೇಳಿತು. ಮೆಳೆ ಚೆನ್ನಾಗಿ ಬೆಳೆಯಲೆಂದು ಬುಡದ ಮುಳ್ಳು ಸವರುವುದು ಅಧಿಕಾರಿಗಳ ಪದ್ಧತಿ. ‘ಸ್ವಾಮಿ, ಮುಳ್ಳು ತೆಗೆದರೆ ಎಳೆ ಕಳಲೆ ದನದ ಬಾಯಿಗೆ ಹೋಗ್ತದೆ’ ಎಂಬುದು ಹಳ್ಳಿಯವರ ವಾದ. ಎಣಿಸಿ ನೋಡಿದರೆ ಹಳ್ಳಿಯವರ ಮಾತೇ ನಿಜ! ಪುಸ್ತಕದ ದಾಸ್ತಾನೇ ಬೇರೆ, ಕಾಡಿನ ದಾಸ್ತಾನೇ ಬೇರೆ ಆಗಿತ್ತು.

ಎಣಿಸು, ಆದರೆ ಅಲ್ಲಿ ಬದುಕುವವರನ್ನು ಕೇಳಿ ಎಣಿಸು. ಗಾಡ್ಗೀಳರ ಜೀವಮಾನದ ವಿದ್ಯೆ ಇಷ್ಟೇ. ಅವರ ಅಧ್ಯಕ್ಷತೆಯ ಪಶ್ಚಿಮಘಟ್ಟ ಸಮಿತಿ 2011ರಲ್ಲಿ ಕೊಟ್ಟ ವರದಿಯೂ ಗ್ರಾಮಸಭೆಗಳನ್ನು ಕೇಳಿ ತೀರ್ಮಾನಿಸಿ ಎಂದಿತು. ಸರ್ಕಾರಗಳು ಒಪ್ಪಲಿಲ್ಲ. 2024ರಲ್ಲಿ ವಯನಾಡಿನ ಗುಡ್ಡ ಕುಸಿದಾಗ ಎಲ್ಲರಿಗೂ ಆ ವರದಿ ನೆನಪಾಯಿತು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಏನು ಫಲ?

ಅಮ್ಮಸಂದ್ರಕ್ಕೂ ಇದಕ್ಕೂ ಏನು ನಂಟು ಎನ್ನಬಹುದು. ನಂಟಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯ್ತಿಗೂ ಒಂದು ಸಮಿತಿ ಇರಬೇಕು, ಊರಿನ ಗಿಡ, ಹಕ್ಕಿ, ಹುಳುಗಳ ವಿವರವನ್ನು ಊರವರಿಂದಲೇ ಕೇಳಿ ದಾಖಲೆ ಬರೆಯಬೇಕು. ಈ ಯೋಚನೆಯ ಹಿಂದೆಯೂ ಗಾಡ್ಗೀಳರ ದುಡಿಮೆಯಿದೆ. ತೆಂಗಿನ ಗರಿ ಒಣಗಿಸುವ ಕಪ್ಪುತಲೆ ಹುಳುವನ್ನು ಕೊಲ್ಲುವ ಪುಟ್ಟ ಕಣಜಗಳಿವೆ. ಕಂಡಾಪಟ್ಟೆ ಔಷಧಿ ಹೊಡೆದರೆ ಹುಳುವಿನ ಜತೆ ಕಣಜವೂ ಸಾಯುತ್ತೆ. ಆಮೇಲೆ ಹುಳು ಮೊದಲಿಗಿಂತ ಜಾಸ್ತಿಯಾಗಬಹುದು. ಯಾವ ತೋಟಕ್ಕೆ ಯಾವ ವರ್ಷ ಹುಳು ಬಂತು, ಹೇಗೆ ಹೋಯಿತು? ಕಚೇರಿಯ ಬೀರುವಿಗೆ ಗೊತ್ತಿರಲ್ಲ, ಮರ ಹತ್ತುವವನಿಗೆ ಗೊತ್ತಿರುತ್ತೆ. ತೆಂಗು ಸೊರಗಿದರೆ ಅಂಗಡಿಗಳ ಗಲ್ಲಾಪೆಟ್ಟಿಗೆಯೂ ಸೊರಗುತ್ತೆ.

ದಾಖಲೆ ಇದ್ದರೆ ಸಂತೋಷ. ಮುಂದಿನ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಲಿ. ಅದರಲ್ಲಿ ಮರ ಹತ್ತುವವನ ಮಾತು ಒಂದಾದರೂ ಇದೆಯೇ? ಸಂಬಂಧಪಟ್ಟವರು ಉತ್ತರಿಸುವರೇ?