ಪಟ್ಟಿ ಬಿಚ್ಚದೆ ಬಳಿದ ಬಣ್ಣ

ಕೇರಳ ಸರ್ಕಾರ 2021ರಲ್ಲಿ ‘ಕೇರವಾನ್ ಕೇರಳ’ ಎಂಬ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದಿತು. ಮೊದಲ 100 ವಾಹನಗಳಿಗೆ 7.5 ಲಕ್ಷ ರೂಪಾಯಿ ಅಥವಾ ಹೂಡಿಕೆಯ ಶೇ. 15, ಇವೆರಡರಲ್ಲಿ ಕಡಿಮೆ ಯಾವುದೋ ಅಷ್ಟು ಸಹಾಯಧನ ಎಂದಿತು. 2022ರ ಫೆಬ್ರುವರಿಯಲ್ಲಿ ವಾಗಮಣ್‌ನಲ್ಲಿ ಮೊದಲ ಕ್ಯಾರವಾನ್ ಪಾರ್ಕ್ ತೆರೆಯಿತು. ಕೊಳ್ಳುವ, ನಿಲ್ಲಿಸುವ ಮಾತು ಬೇಕಾದಷ್ಟು ಆಯಿತು. ಆದರೆ ಕೊಚ್ಚಿಯ ಇಕ್ಕಟ್ಟಿನ ತಿರುವಿನಲ್ಲೋ ತಿರುವನಂತಪುರದ ಗಲ್ಲಿಯಲ್ಲೋ ಪಕ್ಕೆ ಉಜ್ಜಿಸಿಕೊಂಡ ವಾಹನವನ್ನು ಸರಿಪಡಿಸುವುದು ಹೇಗೆ ಎಂಬುದರ ಬಗ್ಗೆಯೂ ಅಷ್ಟೇ ಮಾತಾಗಬೇಕು.

ಕ್ಯಾರವಾನಿನ ಗೋಡೆ ಕಾರಿನ ಬಾಗಿಲಿನಂತಲ್ಲ. ಹೊರಗೆ ಅಲ್ಯೂಮಿನಿಯಂ ಅಥವಾ ಫೈಬರ್ ಹಾಳೆ, ನಡುವೆ ಚೌಕಟ್ಟು ಮತ್ತು ಶಾಖ ತಡೆಯುವ ಫೋಮ್, ಒಳಗೆ ಪ್ಲೈವುಡ್. ಹಾಳೆಗಳು ಸೇರುವ ಕಡೆ ಒಂದು ಪಟ್ಟಿ. ಅದರೊಳಗಿನ ರಬ್ಬರ್ ಬೀಡಿಂಗ್ ಎಳೆದರೆ ಸಾಲು ಸ್ಕ್ರೂ, ಅದರ ಹಿಂದೆ ಸೀಲೆಂಟ್. ನೀರನ್ನು ತಡೆಯುವುದು ಹೊಳೆಯುವ ಹಾಳೆಗಿಂತ ಹೆಚ್ಚಾಗಿ ಈ ಸೀಲೆಂಟ್. ಪೆಟ್ಟು ಬಿದ್ದಾಗ ಮೊದಲು ಬಿರುಕು ಬಿಡುವುದೂ ಅದೇ.

ಆದ್ದರಿಂದ ಸರಿಯಾದ ರಿಪೇರಿ ಬಿಚ್ಚುವುದರಿಂದಲೇ ಶುರುವಾಗಬೇಕು. ಬೀಡಿಂಗ್ ಎಳೆದು, ಸ್ಕ್ರೂ ಕಳಚಿ, ಪಟ್ಟಿಯನ್ನು ಹದವಾಗಿ ಬಿಸಿ ಮಾಡಿ ಪ್ಲಾಸ್ಟಿಕ್ ಬೆಣೆಯಿಂದ ಎಬ್ಬಿಸಬೇಕು. ಹಳೆಯ ಸೀಲೆಂಟ್ ಪೂರ್ತಿ ಕೆರೆದು, ಒಳಗಿನ ತೇವ ಆರಿಸಿ, ಆಮೇಲೆ ಹೊಸತನ್ನು ಹಾಕಬೇಕು. ಕಡಲಗಾಳಿಯ ಊರುಗಳಲ್ಲಿ ಅಲ್ಯೂಮಿನಿಯಂಗೆ ತಾಗಿದ ಕಬ್ಬಿಣದ ಸ್ಕ್ರೂ ಇನ್ನೊಂದು ತೊಂದರೆ: ಉಪ್ಪಿನ ತೇವ ಸೇರಿದರೆ ಸುತ್ತಲಿನ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ಪಟ್ಟಿ ತೆಗೆಯದೆ ಇದು ಕಾಣುವುದಿಲ್ಲ. ತಗ್ಗಿಗೆ ಪುಟ್ಟಿ ತುಂಬಿ ಬಣ್ಣ ಹೊಡೆದರೆ ವಾಹನ ಮಾರನೆಯ ದಿನವೇ ರಸ್ತೆಗಿಳಿಯಬಹುದು, ಪ್ಲೈವುಡ್ ಮಾತ್ರ ಒಳಗೊಳಗೇ ಕೊಳೆಯುತ್ತದೆ. ಮೇಲೆ ತಳುಕು, ಒಳಗೆ ಹುಳುಕು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಇದಕ್ಕೆ ಟಿಂಕರಿಂಗ್ ಕೆಲಸಗಾರನೊಬ್ಬನನ್ನೇ ದೂರುವುದು ಸುಲಭ, ಆದರೆ ನ್ಯಾಯವಲ್ಲ. ಸಾಮಾನ್ಯ ಮೋಟಾರು ವಿಮೆಯ ಲೆಕ್ಕದಲ್ಲಿ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಶೇ. 50, ಫೈಬರ್‌ಗ್ಲಾಸ್‌ಗೆ ಶೇ. 30 ಸವಕಳಿ ಕಳೆಯುತ್ತಾರೆ. ಸ್ಕ್ರೂ, ಸೀಲೆಂಟ್‌ನಂಥ ಬಳಕೆಯ ಸಾಮಾನಿಗೆ ಹೆಚ್ಚುವರಿ ಕಂತು ಕಟ್ಟಿರದಿದ್ದರೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಅಂದರೆ ನೀರು ತಡೆಯುವ ವಸ್ತುಗಳ ಖರ್ಚೇ ಮಾಲೀಕನ ತಲೆಗೆ ಬರುತ್ತದೆ. ಅವನು ಹಳೆಯ ಬೀಡಿಂಗನ್ನೇ ಒತ್ತಿಬಿಡಿ ಎನ್ನುತ್ತಾನೆ, ಗ್ಯಾರೇಜಿನವನು ಒತ್ತುತ್ತಾನೆ.

ಬಿಚ್ಚಿದರೆ ಹಳೆಯ ಪ್ಲಾಸ್ಟಿಕ್ ಮುರಿಯುತ್ತದೆ, ಬದಲಿ ಪಟ್ಟಿ ಸಿಗುವುದಿಲ್ಲ ಎಂಬ ಆಕ್ಷೇಪದಲ್ಲಿ ನಿಜವಿದೆ. ಹಾಗೆಂದು ಇಡೀ ಗೋಡೆ ಕಳಚಬೇಕಾಗಿಲ್ಲ. ತೇವ ಅಳೆಯುವ ಸಣ್ಣ ಮೀಟರ್ ಇದ್ದರೆ ಎಲ್ಲಿಯವರೆಗೆ ಬಿಚ್ಚಬೇಕೆಂಬುದು ತಿಳಿಯುತ್ತದೆ. ಬ್ರಿಟನ್ನಿನಲ್ಲಿ ಅನೇಕ ತಯಾರಕರು ವರ್ಷಕ್ಕೊಮ್ಮೆ ಈ ತಪಾಸಣೆ ಮಾಡಿಸದಿದ್ದರೆ ಬಾಡಿಯ ವಾರಂಟಿಯನ್ನೇ ಒಪ್ಪುವುದಿಲ್ಲ. ಅಲ್ಲಿಗಿಂತ ಇದು ಹೆಚ್ಚು ಬೇಕಾಗಿರುವುದು ಜೂನ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಮಳೆಗಾಲ ಕಾಣುವ ಕೇರಳಕ್ಕೆ.

ಋತುವಿನ ಲೆಕ್ಕವೂ ಇಲ್ಲಿ ತಲೆಕೆಳಗು. ಪ್ರವಾಸಿಗರು ಕಡಿಮೆ ಇರುವ ಜೂನ್, ಜುಲೈನಲ್ಲಿ ವಾಹನ ಬಿಡುವಾಗಿರುತ್ತದೆ. ಆದರೆ ಬಿಚ್ಚಿದ ಗೋಡೆ ಒಣಗದಿರುವುದೂ ಆಗಲೇ. ತೇವ ಒಳಗಿಟ್ಟು ಮುಚ್ಚಿದರೆ ಬಿಚ್ಚಿದ್ದೇ ವ್ಯರ್ಥ. ಬಾಡಿ ಕೆಲಸ ಮೇ ತಿಂಗಳೊಳಗೆ ಮುಗಿಯಬೇಕು, ಇಲ್ಲವೇ ಗಾಳಿಯ ತೇವ ಹೀರುವ ಯಂತ್ರವಿರುವ ಮುಚ್ಚಿದ ಶೆಡ್ಡಿನಲ್ಲಿ ನಡೆಯಬೇಕು.

ಸರ್ಕಾರ ಸಹಾಯಧನದ ಜೊತೆ ವಾರ್ಷಿಕ ತೇವ ತಪಾಸಣೆಯ ಷರತ್ತು ಇಡಲಿ. ವಿಮಾ ಕಂಪನಿಗಳು ಕ್ಯಾರವಾನಿನ ಸೀಲೆಂಟ್, ಬೀಡಿಂಗನ್ನು ಪೂರ್ತಿ ಬೆಲೆಗೆ ಒಪ್ಪಲಿ. ಮಾಲೀಕರು ಎಸ್ಟಿಮೇಟಿನಲ್ಲಿ ‘ಬಿಚ್ಚಿ ಮರುಜೋಡಿಸುವ ಕೂಲಿ’ ಎಂದು ಪ್ರತ್ಯೇಕ ಸಾಲು ಬರೆಸಿಕೊಂಡು, ಗೋಡೆ ಮುಚ್ಚುವ ಮೊದಲು ಒಳಗಿನ ಫೋಟೊ ಕೇಳಲಿ. ಮಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ತೆಂಕಣಕ್ಕೆ ಹೊರಡುವ ಕನ್ನಡದ ಕುಟುಂಬಗಳೂ ಬಾಡಿಗೆಗೆ ಹಿಡಿಯುವ ಮೊದಲು ಬಣ್ಣ ನೋಡಿ ಮೆಚ್ಚದೆ, ಕಿಟಕಿಯ ಕೆಳಗಿನ ಪ್ಲೈವುಡ್ಡನ್ನು ಬೆರಳಿನಿಂದ ಒತ್ತಿ ನೋಡಲಿ. ಮೆತ್ತಗಿದ್ದರೆ ಆ ಗಾಡಿ ಬೇಡ.