ಮನೆಯ ವಿಮೆ ಎಲ್ಲಿಯವರೆಗೆ?

“ನಮ್ಮ ಮನೆಗೆ ವಿಮೆ ಇದೆ, ಬ್ಯಾಂಕಿನವರು ವರ್ಷಕ್ಕೊಮ್ಮೆ ಹಣ ಹಿಡಿಯುತ್ತಾರೆ” ಎಂಬ ಮಾತನ್ನು ನಾವು ಗುಂಜೋಟಿಯಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಮೇಲಿಂದ ಮೇಲೆ ಕೇಳುತ್ತೇವೆ. ಎಸ್ಟೇಟುಗಳಿಗೆ ದುಡಿಯಲು ಹೋದ ನಮ್ಮ ಕುಟುಂಬಗಳೂ ಹೀಗೆಯೇ ಹೇಳುತ್ತವೆ. ಪಾಸ್‌ಬುಕ್ ತೆರೆದು ನೋಡಿದರೆ ಅಲ್ಲಿರುವುದು 20 ರೂಪಾಯಿಯ ಒಂದು ಕಡಿತ, 436 ರೂಪಾಯಿಯ ಇನ್ನೊಂದು ಕಡಿತ. ಮೊದಲನೆಯದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ: ಖಾತೆದಾರರು ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ, ಕೈಕಾಲು ಕಳೆದುಕೊಂಡರೆ ಅದಕ್ಕೆ ತಕ್ಕಷ್ಟು. ಎರಡನೆಯದು ಜೀವನ ಜ್ಯೋತಿ: ಯಾವ ಕಾರಣದಿಂದ ಸತ್ತರೂ 2 ಲಕ್ಷ. ಎರಡೂ 2015ರಲ್ಲಿ ಬಂದವು. ಒಳ್ಳೆಯ ಯೋಜನೆಗಳು, ಬಿಡಬೇಡಿ. ಆದರೆ ಇವು ಮನುಷ್ಯನ ವಿಮೆ. ನಾಳೆ ಗೋಡೆ ಬಿದ್ದರೆ ಒಂದು ಕಲ್ಲಿನ ಬೆಲೆಯೂ ಇವುಗಳಿಂದ ಬರುವುದಿಲ್ಲ. ಬೆಳೆವಿಮೆ ಹೊಲದ್ದು. ಸಾಲ ಕೊಟ್ಟವರು ಮುರಿದುಕೊಂಡ ವಿಮೆಯ ಹಣವೂ ಅನೇಕ ಸಲ ಸಾಲಗಾರನ ಜೀವಕ್ಕೆ ಸಂಬಂಧಿಸಿದ್ದು. ಸಾಲಗಾರ ಸತ್ತರೆ ಸಾಲ ತೀರಲಿ ಎಂದು ಮಾಡಿಸಿದ್ದು. ಹೀಗೆ ಮೂರು ನಾಲ್ಕು ವಿಮೆಗಳಿದ್ದೂ ಮನೆಗೆ ಮಾತ್ರ ಏನೂ ಇಲ್ಲದ ಕುಟುಂಬಗಳು ನಮ್ಮಲ್ಲಿ ಬಹಳ.

ಈ ಸೀಮೆಯವರಿಗೆ ಮನೆ ಬೀಳುವುದೆಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ನಾಲ್ಕು ಗಂಟೆ ಹೊಡೆಯುವ ಮುಂಚೆ, ಗಣಪತಿ ವಿಸರ್ಜನೆ ಮುಗಿಸಿ ಜನ ತಡವಾಗಿ ಮಲಗಿದ್ದಾಗ ಕಿಲ್ಲಾರಿ, ಸಾಸ್ತೂರು ಕಡೆ ಭೂಮಿ ನಡುಗಿತು. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ವರ್ಷವರ್ಷವೂ ಮಣ್ಣು ಹಾಕಿ ಭಾರವಾದ ಮಾಳಿಗೆ. ಬಿಸಿಲಿಗೆ ತಂಪಾಗಿದ್ದ ಆ ಮನೆಗಳೇ ಸಾವಿರಾರು ಜನರನ್ನು ಹೂತುಹಾಕಿದವು. ಉಮರ್ಗಾ ಮತ್ತು ಔಸಾ ತಾಲ್ಲೂಕುಗಳ ನಷ್ಟ ಎಲ್ಲಕ್ಕಿಂತ ಹೆಚ್ಚು. 52 ಹಳ್ಳಿಗಳನ್ನು ಬೇರೆ ಕಡೆ ಹೊಸದಾಗಿ ಕಟ್ಟಬೇಕಾಯಿತು.

ಆ ಮನೆಗಳಿಗೆ ಬಹುಪಾಲು ವಿಮೆ ಇರಲಿಲ್ಲ. ಸರ್ಕಾರವೂ ವಿಶ್ವಬ್ಯಾಂಕಿನ ಸಾಲವೂ ದಾನಿಗಳೂ ಸೇರಿ ಮನೆ ಕಟ್ಟಿಕೊಟ್ಟರು. ಅದನ್ನು ನಾವು ಮರೆಯುವುದಿಲ್ಲ. ಆದರೆ ಸ್ಥಳಾಂತರಗೊಂಡ ಊರುಗಳಲ್ಲಿ ಅಳತೆ ಹೇಗಿತ್ತು? ಜಮೀನಿಲ್ಲದವರಿಗೂ ತೀರ ಕಡಮೆ ಜಮೀನಿನವರಿಗೂ 250 ಚದರ ಅಡಿ, ಅದಕ್ಕಿಂತ ಹೆಚ್ಚಿದ್ದವರಿಗೆ 400, ದೊಡ್ಡ ಹಿಡುವಳಿದಾರರಿಗೆ 750. ಬಿದ್ದ ಮನೆ ಎಷ್ಟು ದೊಡ್ಡದಿತ್ತು, ಕೂಲಿಯವನು ಎಷ್ಟು ವರ್ಷ ದುಡಿದು ಕಟ್ಟಿದ್ದ ಎಂಬುದು ಲೆಕ್ಕಕ್ಕೆ ಬರಲಿಲ್ಲ. ಪರಿಹಾರವೆಂಬುದು ಕೊಡುವವರ ಅಳತೆ. ವಿಮೆಯಾದರೆ ಕರಾರು, ಬರೆದದ್ದನ್ನು ಕೇಳುವ ಹಕ್ಕು ನಮಗಿದೆ, ಬರೆಯದ್ದನ್ನು ಕೇಳುವ ಹಕ್ಕಿಲ್ಲ. ಆದುದರಿಂದಲೇ ಏನು ಬರೆದಿದೆ ಎಂದು ಓದಬೇಕು.

2021ರ ಏಪ್ರಿಲ್ 1ರಿಂದ ಮನೆಗಳಿಗೆಂದು ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿ ಬಂದಿದೆ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಗಲಭೆ, ಮನೆಯ ಮೇಲೆ ಮರ ಬೀಳುವುದು, ಇವೆಲ್ಲ ಅದರಲ್ಲಿ ಸೇರಿವೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಮೊತ್ತದ ನೂರಕ್ಕೆ 20ರಷ್ಟು, 10 ಲಕ್ಷ ಮೀರದಂತೆ, ಮನೆಯ ಸಾಮಾನಿಗೂ ಸಿಗುತ್ತದೆ. ಹಿಂದಿನ ಬೆಂಕಿ ಪಾಲಿಸಿಗಳಲ್ಲಿ ಒಂದು ಪೆಟ್ಟಿತ್ತು: 2 ಲಕ್ಷದ ಮನೆಗೆ 1 ಲಕ್ಷದ ವಿಮೆ ಮಾಡಿಸಿ 40 ಸಾವಿರ ನಷ್ಟವಾದರೆ ಕೈಗೆ ಬರುತ್ತಿದ್ದದ್ದು 20 ಸಾವಿರ. ಈ ಪಾಲಿಸಿಯಲ್ಲಿ ಆ ಕಡಿತವಿಲ್ಲ. ಆದರೂ ಬರೆಸಿದ ಮೊತ್ತದ ಆಚೆ ಒಂದು ಪೈಸೆ ಬಾರದು. ಮೊತ್ತ ಬರೆಸುವಾಗ ಜಾಗದ ಬೆಲೆ ಸೇರಿಸಬೇಡಿ, ಭೂಮಿಗೆ ವಿಮೆಯಿಲ್ಲ. ಇಂದು ಮತ್ತೆ ಕಟ್ಟಲು ಎಷ್ಟು ಬೇಕೋ ಅಷ್ಟು ಬರೆಸಿ.

ಇನ್ನು ಇದರ ಗಡಿ. ನಮ್ಮವರು ಹೆಚ್ಚು ಎಡವುವುದು ಕಳ್ಳತನದ ವಿಷಯದಲ್ಲಿ. ಭೂಕಂಪವೋ ಬೆಂಕಿಯೋ ಆಗಿ, ಅದೇ ಕಾರಣದಿಂದ ಏಳು ದಿನದೊಳಗೆ ಸಾಮಾನು ಕಳವಾದರೆ ಮಾತ್ರ ಈ ಪಾಲಿಸಿ ಕೊಡುತ್ತದೆ. ಬೀಗ ಒಡೆದು ಕದ್ದರೆ ಅದಕ್ಕೆ ಬೇರೆ ಕಳವಿನ ವಿಮೆ ಬೇಕು. ಡಬ್ಬಿಯಲ್ಲಿಟ್ಟ ನಗದಿಗೆ ರಕ್ಷಣೆಯಿಲ್ಲ. ಒಡವೆಗೆ ಬೇಕಾದರೆ ಬೇರೆಯಾಗಿ ಕೇಳಿ ಬರೆಸಬೇಕು. ಎಮ್ಮೆ, ಎತ್ತಿಗೆ ಬೇರೆ ವಿಮೆ. ಮುಂದಿನ ಕೋಣೆಯ ಕಿರಾಣಿ ಅಂಗಡಿಯ ಸರಕು ಮನೆಯ ಸಾಮಾನಲ್ಲ.

ಗೋಡೆಯ ಬಿರುಕಿನ ಮಾತು ಇನ್ನೂ ಮುಖ್ಯ. ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಗೆಗೆ ಬಾಯಿ ಬಿಡುತ್ತದೆ, ಅದರೊಂದಿಗೆ ಗೋಡೆಯೂ ಸೀಳುತ್ತದೆ. ಹೊಸ ಕಟ್ಟಡ ನೆಲಕ್ಕೆ ಕೂರುವಾಗ ಬೀಳುವ ಬಿರುಕು, ಕೆಟ್ಟ ಕೆಲಸದಿಂದ ಆದ ಕುಸಿತ, ತುಂಬಿಸಿದ ಮಣ್ಣು ಇಳಿದದ್ದು, ಇವು ಭೂಕುಸಿತದ ಲೆಕ್ಕಕ್ಕೆ ಸೇರುವುದಿಲ್ಲ. ಹತ್ತು ವರ್ಷ ಸೋರಿ ಕೊಳೆತ ತೊಲೆಗೂ ಕೊಡುವುದಿಲ್ಲ. ವಿಮೆ ತಟ್ಟನೆ ಬರುವ ಆಪತ್ತಿಗೆ. ಮನೆಯ ಮುಪ್ಪಿಗೆ ಅಲ್ಲ.

ದೀಪಾವಳಿ ಕಳೆದ ಮೇಲೆ ಕಬ್ಬು ಕಡಿಯಲು ಹೊರಡುವವರೂ, ವರ್ಷವಿಡೀ ಎಸ್ಟೇಟಿನಲ್ಲಿದ್ದು ಊರಿನ ಮನೆಗೆ ಬೀಗ ಹಾಕಿರುವವರೂ ಇದನ್ನು ಗಮನಿಸಿ. ಹಳೆಯ ಬೆಂಕಿ ಪಾಲಿಸಿಯಲ್ಲಿ ಮನೆ 30 ದಿನಕ್ಕಿಂತ ಹೆಚ್ಚು ಖಾಲಿ ಇದ್ದರೆ ಕಂಪನಿಯ ಒಪ್ಪಿಗೆ ಪಡೆಯದ ಹೊರತು ರಕ್ಷಣೆ ನಿಲ್ಲುತ್ತಿತ್ತು. ನಿಮ್ಮ ಪಾಲಿಸಿಯಲ್ಲಿ ಏನಿದೆ ಎಂದು ಹೊರಡುವ ಮುಂಚೆ ಕೇಳಿ, ಊರು ಬಿಡುವುದನ್ನು ಬರೆದು ತಿಳಿಸಿ, ನಕಲು ಇಟ್ಟುಕೊಳ್ಳಿ. ಏಜೆಂಟನ ಬಾಯಿಮಾತು ಸಾಕ್ಷಿಯಾಗುವುದಿಲ್ಲ.

ಲೈನ್‌ಮನೆಯಲ್ಲಿರುವವರ ಪಾಡು ಬೇರೆ. ಗೋಡೆ, ಸೂರು ಮಾಲೀಕರದು. ಅದಕ್ಕೆ ವಿಮೆಯಿದ್ದರೂ ಹಣ ಹೋಗುವುದು ಅವರಿಗೆ. ನಿಮ್ಮ ಪಾತ್ರೆ, ಹಾಸಿಗೆ, ಟಿವಿಗೆ ನೀವೇ ಸಾಮಾನಿನ ವಿಮೆ ಮಾಡಿಸಬಹುದು, ಕಟ್ಟಡ ಸ್ವಂತದ್ದಾಗಿರಬೇಕೆಂದಿಲ್ಲ. ಮಾಲೀಕರು ಕೊಟ್ಟ ಮನೆ ಕುಸಿದು ಕೆಲಸಗಾರನೋ ಮನೆಯವರೋ ಸತ್ತರೆ ಅಥವಾ ಗಾಯಗೊಂಡರೆ ಮಾಲೀಕರು ಪರಿಹಾರ ಕೊಡಬೇಕೆಂಬ ನಿಯಮವನ್ನು 1981ರ ತಿದ್ದುಪಡಿಯಿಂದ ತೋಟ ಕಾರ್ಮಿಕರ ಕಾಯಿದೆಗೆ ಸೇರಿಸಿದ್ದರು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಕಾಯಿದೆ ಹೋಯಿತು. ನಿಯಮ ಮಾತ್ರ ಸಾಮಾಜಿಕ ಭದ್ರತಾ ಸಂಹಿತೆಯ 75ನೆಯ ಕಲಮಿನಲ್ಲಿ ಉಳಿದಿದೆ. ಆದರೆ ಅದಕ್ಕೂ ಗಡಿಯಿದೆ: ಕುಸಿತಕ್ಕೆ ವಾಸವಿದ್ದವರ ತಪ್ಪೇ ನೇರ ಕಾರಣವಾಗಿದ್ದರೆ, ಇಲ್ಲವೇ ಪ್ರಕೃತಿ ವಿಕೋಪವೇ ನೇರ ಕಾರಣವಾಗಿದ್ದರೆ ಮಾಲೀಕರಿಗೆ ಹೊಣೆಯಿಲ್ಲ. 2018ರಲ್ಲಿ ಕೊಡಗಿನಲ್ಲಿ, 2024ರಲ್ಲಿ ವಯನಾಡಿನಲ್ಲಿ ಗುಡ್ಡಗಳೇ ಇಳಿದುಬಂದವು, ಅದು ವಿಕೋಪ. ಆದರೆ ಪ್ರತಿ ವರ್ಷದ ಮಳೆಗೆ, ಹತ್ತು ಸಲ ಹೇಳಿದರೂ ರಿಪೇರಿಯಾಗದ ಗೋಡೆ ಬಿದ್ದರೆ ಅದನ್ನು ವಿಕೋಪವೆನ್ನಲು ನಾವು ಒಪ್ಪುವುದಿಲ್ಲ. ಒಪ್ಪದಿರಲು ನಮ್ಮ ಕೈಯಲ್ಲಿ ಕಾಗದ ಬೇಕು. ಲೈನಿನ ಗೋಡೆ ಬಿರಿದಿದ್ದರೆ ಇಂದೇ ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ತಾರೀಖು ಹಾಕಿಸಿ, ಸಹಿ ಪಡೆಯಿರಿ. ರೈಟರ ಕಿವಿಗೆ ಹಾಕಿದರೆ ಸಾಲದು.

ವಿಮೆಯಿಲ್ಲದವರಿಗೆ ಸರ್ಕಾರದ ನೆರವೊಂದೇ. 2022ರಿಂದ 2026ರವರೆಗಿನ ಅವಧಿಗೆ ಕೇಂದ್ರ ಗೊತ್ತುಮಾಡಿದ ದರದಂತೆ ಬಯಲು ಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1,20,000 ರೂಪಾಯಿ, ಭಾಗಶಃ ಬಿದ್ದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ನಾಲ್ಕು ಸಾವಿರಕ್ಕೆ ಎಷ್ಟು ಗೋಡೆ ಏಳುತ್ತದೆಂದು ಗೌಂಡಿಯನ್ನು ಕೇಳಿ ನೋಡಿ. ಅದೂ ತಲಾಠಿಯ ಪಂಚನಾಮೆಯಲ್ಲಿ ಹೆಸರು ಬಂದರೆ.

ನಷ್ಟವಾದಾಗ ಕಂಪನಿಗೆ ಕೂಡಲೇ ತಿಳಿಸಿ. ಸರ್ವೇಯರು ನೋಡುವ ಮುಂಚೆ ಅವಶೇಷ ತೆಗೆಯಬೇಡಿ. ಜೀವ ಉಳಿಸಲು ತೆಗೆಯಲೇಬೇಕಾದರೆ ಮೊದಲು ಫೋಟೋ ಹಿಡಿಯಿರಿ. ಕಂಪನಿ ನಿರಾಕರಿಸಿದರೆ, ಅಥವಾ ದೂರು ಕೊಟ್ಟು ತಿಂಗಳಾದರೂ ಉತ್ತರ ಕೊಡದಿದ್ದರೆ, ವಿಮಾ ಲೋಕಪಾಲರಿಗೆ ಬರೆಯಬಹುದು. ನಮ್ಮ ಭಾಗಕ್ಕೆ ಪುಣೆ, ಕರ್ನಾಟಕದವರಿಗೆ ಬೆಂಗಳೂರು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ದೂರವಾಣಿ 155255.

ಪಾಲಿಸಿ ಇಂಗ್ಲಿಷಿನಲ್ಲಿದೆ, ಮರಾಠಿಯಲ್ಲಿದೆ ಎಂದು ಟ್ರಂಕಿನ ಅಡಿಯಲ್ಲಿ ಇಟ್ಟುಬಿಡಬೇಡಿ. ನಿಮ್ಮೂರಿನ ಸಂಘದ ಕಾರ್ಯಕರ್ತರ ಬಳಿಗೆ ತನ್ನಿ. ಕುಳಿತು ಓದಿ ಕನ್ನಡದಲ್ಲಿ ಹೇಳುತ್ತೇವೆ. ಬರುವಾಗ ಪಾಸ್‌ಬುಕ್ಕನ್ನೂ ಸಾಲದ ಕಾಗದವನ್ನೂ ಜೊತೆಗೆ ತನ್ನಿ.