ಪರದೇಶದಲ್ಲಿ ಕಾಯಂ ಊರು: ಬೇಕೇ, ಬೇಡವೇ?

ಶಹಾಪುರ, ಸುರಪುರ, ಯಾದಗಿರಿ ಕಡೆಯಿಂದ ಬೆಂಗಳೂರು, ಮುಂಬೈ, ಪುಣೆಗೆ ಗುಳೆ ಹೋಗುವುದು ಹಳೆಯ ಸಂಗತಿ. ಈಗ ಓದಿದ ಮಕ್ಕಳು ಪರದೇಶದ ಒಂದು ಊರು ಆರಿಸಿಕೊಂಡು ಕಾಯಂ ಅಲ್ಲೇ ನೆಲೆ ನಿಲ್ಲುವ ಮಾತಾಡುತ್ತಿದ್ದಾರೆ. ಇದು ಸರಿಯೇ? ಭೀಮರಾಯನಗುಡಿಯಲ್ಲಿ (ಬಿ.ಗುಡಿ) ನೆಲೆಸಿರುವ ನಿವೃತ್ತ ನೀರಾವರಿ ಎಂಜಿನಿಯರ್ ಒಬ್ಬರು ಮತ್ತು ಶಹಾಪುರ ತಾಲ್ಲೂಕಿನ ರೈತ ಮನೆತನದ ಉಪನ್ಯಾಸಕರೊಬ್ಬರು ಇಲ್ಲಿ ತಮ್ಮ ಮಾತು ಹೇಳಿದ್ದಾರೆ.

ಪರ
ಹೋಗಲಿ, ಅಲ್ಲಿಯ ಭಾಷೆ ಕಲಿತು ಅಲ್ಲಿಯವರಾಗಲಿ

1981ರ ಮೇ ತಿಂಗಳು. ಯಾದಗಿರಿ ರೈಲು ನಿಲ್ದಾಣದಲ್ಲಿ ಇಳಿದಾಗ ನನ್ನ ಕೈಯಲ್ಲಿ ಒಂದು ಟ್ರಂಕು, ಜೇಬಿನಲ್ಲಿ ನೇಮಕಾತಿ ಆದೇಶ. ನಾನು ಹಾಸನ ಜಿಲ್ಲೆಯ ಹಳ್ಳಿಯವನು. ‘ಗುಲ್ಬರ್ಗ ಕಡೆಗಾ? ಎರಡು ವರ್ಷ ಹೇಗೋ ಕಳೆದು ವರ್ಗ ಮಾಡಿಸಿಕೊಂಡು ಬಾ’ ಎಂದೇ ಮನೆಯವರು ಕಳಿಸಿದ್ದರು. ಬಿ.ಗುಡಿ ಕ್ಯಾಂಪಿನ ಕ್ವಾರ್ಟರ್ಸಿನಲ್ಲಿ ಮೊದಲ ರಾತ್ರಿ ಗೋಡೆಗೆ ಬೆನ್ನು ತಾಗಿಸಿದರೆ ಹಂಚಿಗೆ ತಾಗಿಸಿದಂತೆ ಸುಡುತ್ತಿತ್ತು. ಬೆಳಗ್ಗೆ ಪಕ್ಕದ ಮನೆಯ ತಾಯಿ ಎರಡು ಖಡಕ್ ರೊಟ್ಟಿ, ಪುಂಡಿಪಲ್ಲೆ ತಂದುಕೊಟ್ಟು ‘ಉಣ್ರೀ, ನಾಚಬ್ಯಾಡ್ರಿ’ ಎಂದರು. ಬೆಳಗಿನ ಏಳು ಗಂಟೆಗೆ ‘ಉಣ್ರೀ’ ಎನ್ನುತ್ತಾರಲ್ಲ ಎಂದು ನನಗೆ ಆಶ್ಚರ್ಯ. ಕಾಲುವೆ ಕೆಲಸದವರು ‘ನಾಳೆ ಸೂಟಿ ಬೇಕ್ರಿ’ ಎಂದರೆ ರಜೆ ಕೇಳುತ್ತಿದ್ದಾರೆ ಎಂದು ತಿಳಿಯಲು ಒಂದು ವಾರ ಹಿಡಿಯಿತು.

ಮರುವರ್ಷ, 1982ರಲ್ಲಿ, ನಾರಾಯಣಪುರದ ಅಣೆಕಟ್ಟು ಪೂರ್ತಿಯಾಯಿತು. ಕಾಲುವೆಗೆ ನೀರು ಬಿಟ್ಟ ದಿನ ಹಳ್ಳಿಗಳ ಜನ ದಂಡೆಯ ಮೇಲೆ ಕಾಯಿ ಒಡೆದು, ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಅವರ ನಡುವೆ ನಿಂತಿದ್ದ ನಾನು ವರ್ಗಾವಣೆಯ ಅರ್ಜಿ ಬರೆಯಲೇ ಇಲ್ಲ. ನಲವತ್ತು ವರ್ಷ ದಾಟಿತು. ನನ್ನ ಬಾಯಲ್ಲಿ ಈಗ ‘ಕೂತ್ಕೊಳಿ’ ಹೊರಡುವುದಿಲ್ಲ, ‘ಕುಂದರ್ರಿ’ ಎಂದೇ ಬರುತ್ತದೆ. ಹಾಸನದ ನೆಂಟರು ನನ್ನನ್ನು ‘ಉತ್ತರ ಕರ್ನಾಟಕದವರು’ ಎಂದು ಪರಿಚಯಿಸುತ್ತಾರೆ. ನನಗೆ ಅದರಿಂದ ಬೇಸರವಿಲ್ಲ, ಹೆಮ್ಮೆಯಿದೆ.

ಈ ಕಥೆ ಹೇಳಿದ್ದಕ್ಕೆ ಕಾರಣವಿದೆ. ನಮ್ಮ ಕಾಲೊನಿಯ ಯಾವ ಸಾಲಿಗೆ ಹೋದರೂ ಮಂಡ್ಯ, ತುಮಕೂರು, ಧಾರವಾಡ, ವಿಜಯಪುರದಿಂದ ಬಂದು ಉಳಿದವರು ಸಿಗುತ್ತಾರೆ. ಕಾಲುವೆಯಗುಂಟ ಹೋದರೆ ಆಂಧ್ರದಿಂದ ಬಂದು ಕ್ಯಾಂಪ್ ಕಟ್ಟಿ ಭತ್ತ ಬೆಳೆದವರ ಮಕ್ಕಳು ನಮ್ಮ ಶಾಲೆಗಳಲ್ಲಿ ಕನ್ನಡ ಓದುತ್ತಿದ್ದಾರೆ. ಹುಟ್ಟಿದ ಊರು ಬಿಟ್ಟು ಬಂದವರೇ ಕಟ್ಟಿದ ಊರಿನಲ್ಲಿ ಕುಳಿತು, ಹುಟ್ಟಿದ ಊರು ಬಿಡಬೇಡಿ ಎಂದು ಮಕ್ಕಳಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ.

ಆದರೆ ಯಾವ ಊರು ಎಂಬುದು ಮುಖ್ಯ. ಹೆಚ್ಚಿನವರು ಸಂಬಳ ನೋಡುತ್ತಾರೆ, ಹವೆ ನೋಡುತ್ತಾರೆ, ಅಲ್ಲಿ ಕನ್ನಡ ಸಂಘ ಇದೆಯೇ ಎಂದು ಕೇಳುತ್ತಾರೆ. ನಾನು ಕೇಳುವುದು ಒಂದೇ: ಆ ಊರು ನಿಮ್ಮನ್ನು ತನ್ನವರನ್ನಾಗಿ ಮಾಡಿಕೊಳ್ಳುತ್ತದೆಯೇ? ದುಬೈಯಲ್ಲಿ ಮೂವತ್ತು ವರ್ಷ ದುಡಿದರೂ ನೀವು ವೀಸಾದ ಮೇಲಿರುವವರೇ. ಗೋಲ್ಡನ್ ವೀಸಾ ಎಂದರೂ ಹತ್ತು ವರ್ಷದ ವೀಸಾ, ಪೌರತ್ವವಲ್ಲ. ದುಡಿಯಲು ಹೋಗಿ, ಕಾಯಂ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ ವರ್ಷಕ್ಕೆ ಕೊಡುವ ಉದ್ಯೋಗದ ಗ್ರೀನ್ ಕಾರ್ಡುಗಳಲ್ಲಿ ಒಂದು ದೇಶದವರಿಗೆ ಶೇ 7ರ ಮಿತಿ. ಭಾರತದವರ ಸರದಿ ಹತ್ತಾರು ವರ್ಷ ಎಳೆಯುತ್ತದೆ. ಅಷ್ಟರೊಳಗೆ ಮಕ್ಕಳಿಗೆ 21 ತುಂಬಿದರೆ ತಂದೆತಾಯಿಯ ಅರ್ಜಿಯಿಂದಲೇ ಹೊರಬೀಳುವ ಭಯ. ಕೆನಡಾ 2024ರ ಜನವರಿಯಲ್ಲಿ ವಿದ್ಯಾರ್ಥಿ ಪರವಾನಗಿಗೆ ಮಿತಿ ಹಾಕಿತು.

ನನ್ನ ಮಗಳು ಇಲ್ಲಿಯ ಕೃಷಿ ಕಾಲೇಜಿನಲ್ಲಿ ಬಿಎಸ್ಸಿ ಮುಗಿಸಿ 2017ರಲ್ಲಿ ಜರ್ಮನಿಯ ಸ್ಟಟ್‌ಗಾರ್ಟಿನ ಹೋಹನ್‌ಹೈಮ್ ವಿಶ್ವವಿದ್ಯಾಲಯಕ್ಕೆ ಹೋದಳು. ಆ ರಾಜ್ಯದಲ್ಲಿ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಶುಲ್ಕ ಶುರುವಾಗಿದ್ದೂ ಅದೇ ವರ್ಷ. ಪಾಠ ಇಂಗ್ಲಿಷಿನಲ್ಲೇ ಇತ್ತು. ಆದರೆ ಬಾಡಿಗೆ ಮನೆಯ ಕೆಳಗಿದ್ದ ಮುದುಕಿಗೆ ಇಂಗ್ಲಿಷ್ ಬಾರದು. ಆ ಊರಿನಲ್ಲಿ ‘ಕೇರ್‌ವೋಖೆ’ ಎಂಬ ಪದ್ಧತಿ ಇದೆ. ಒಂದು ಕಟ್ಟಡದಲ್ಲಿರುವ ಮನೆಗಳವರು ವಾರಕ್ಕೊಬ್ಬರಂತೆ ಮೆಟ್ಟಿಲು, ಅಂಗಳ ಗುಡಿಸಿ ಒರೆಸಬೇಕು. ಸರದಿ ಬಂದವರ ಬಾಗಿಲಿಗೆ ಒಂದು ಸಣ್ಣ ಫಲಕ ತೂಗುಹಾಕುತ್ತಾರೆ. ಮಗಳು ಫೋನ್ ಮಾಡಿ, ‘ಅಪ್ಪಾ, ಇಲ್ಲಿ ಮೆಟ್ಟಿಲಿಗೂ ವಾರಾಬಂದಿ’ ಎಂದಳು. ಕಾಲುವೆ ನೀರನ್ನು ಸರದಿಯಂತೆ ಹಂಚುವ ವಾರಾಬಂದಿ ನೋಡಿ ಬೆಳೆದ ಹುಡುಗಿ. ಮೊದಲ ಸಲ ಅವಳು ಒರೆಸಿದ್ದು ಮುದುಕಿಗೆ ಸರಿಬರಲಿಲ್ಲ. ಬಕೆಟ್ ತಂದು, ಮೂಲೆಗಳನ್ನು ಹೇಗೆ ಒರೆಸಬೇಕೆಂದು ತಾನೇ ಬಗ್ಗಿ ತೋರಿಸಿದಳಂತೆ. ಮಗಳ ಜರ್ಮನ್ ಶುರುವಾದದ್ದು ಆ ಮೆಟ್ಟಿಲಿನ ಮೇಲೆ. ಈಗ ಮಾತಾಡುವುದು ಆ ಸೀಮೆಯ ಆಡುಮಾತು. ಬರ್ಲಿನ್ನಿನವರು ಕೇಳಿದರೆ ‘ನೀವು ಸ್ಟಟ್‌ಗಾರ್ಟ್ ಕಡೆಯವರಾ?’ ಎನ್ನುತ್ತಾರಂತೆ.

ಅದಕ್ಕೇ ಹೇಳುತ್ತೇನೆ, ಇಂಗ್ಲಿಷಿನಲ್ಲೇ ಎಲ್ಲ ನಡೆದುಹೋಗುವ ಊರನ್ನು ಆರಿಸಬೇಡಿ. ಅಂಥ ಊರಲ್ಲಿ ಇಪ್ಪತ್ತು ವರ್ಷ ಇದ್ದರೂ ಆಫೀಸು, ಅಪಾರ್ಟ್‌ಮೆಂಟು, ನಮ್ಮವರದೇ ನಾಲ್ಕು ಮನೆ ಬಿಟ್ಟು ಇನ್ನೊಂದು ಹೊಸ್ತಿಲು ತುಳಿಯುವುದಿಲ್ಲ. ನಿಮ್ಮಿಂದ ತನ್ನ ಭಾಷೆ ಕೇಳುವ ಊರು ಆರಿಸಿ. ಜರ್ಮನಿ 2024ರ ಜೂನ್‌ನಲ್ಲಿ ಪೌರತ್ವಕ್ಕೆ ಬೇಕಾದ ವಾಸದ ಅವಧಿಯನ್ನು ಎಂಟರಿಂದ ಐದು ವರ್ಷಕ್ಕೆ ಇಳಿಸಿತು. ಭಾಷೆಯ ಪರೀಕ್ಷೆಯನ್ನು ಮಾತ್ರ ಬಿಡಲಿಲ್ಲ. ಅದು ಸರಿಯಾದ ಕ್ರಮ. ಬೆಂಗಳೂರಿಗೆ ಬಂದವರು ಕನ್ನಡ ಕಲಿಯಬೇಕು ಎನ್ನುವ ನಾವು ಸ್ಟಟ್‌ಗಾರ್ಟಿಗೆ ಹೋದಾಗ ಬೇರೆ ನಿಯಮ ಕೇಳಬಾರದು.

ಹೋದವರು ಕನ್ನಡ ಮರೆಯುತ್ತಾರೆ ಎನ್ನುವವರಿಗೆ ಕವಿ ಎ.ಕೆ. ರಾಮಾನುಜನ್ ಸಾಕು. ಮೈಸೂರಿನಲ್ಲಿ ಹುಟ್ಟಿ, ಮೂರು ದಶಕ ಷಿಕಾಗೊದಲ್ಲಿ ಪಾಠ ಮಾಡಿ, 1993ರಲ್ಲಿ ಅಲ್ಲೇ ತೀರಿಕೊಂಡವರು. ‘ಹೊಕ್ಕುಳಲ್ಲಿ ಹೂವಿಲ್ಲ’ ಕನ್ನಡಕ್ಕೆ ಬಂದದ್ದು 1969ರಲ್ಲಿ, ಅವರು ಅಲ್ಲಿದ್ದಾಗ. 1973ರ ಅವರ ಇಂಗ್ಲಿಷ್ ವಚನ ಸಂಕಲನದಲ್ಲಿ ಬಸವಣ್ಣ, ಅಕ್ಕ, ಅಲ್ಲಮರ ಜೊತೆಗೆ ನಮ್ಮ ಸುರಪುರ ಸೀಮೆಯ ಮುದನೂರಿನ ದಾಸಿಮಯ್ಯ ಇದ್ದಾನೆ. ಮುದನೂರಿನ ನೇಕಾರನನ್ನು ಜಗತ್ತು ಓದಿದ್ದು ಊರು ಬಿಟ್ಟ ಒಬ್ಬ ಕನ್ನಡಿಗನಿಂದ.

ತಂದೆತಾಯಿಯ ಗತಿ ಏನು ಎಂದು ಕೇಳುತ್ತಾರೆ. ನನ್ನ ತಾಯಿ ತೀರಿಕೊಂಡಾಗ ಇಲ್ಲಿಂದ ಎರಡು ಬಸ್ಸು, ಒಂದು ರೈಲು ಹಿಡಿದು ಹಳ್ಳಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇದೇ ರಾಜ್ಯದಲ್ಲಿದ್ದ ಮಗ ನಾನು. ಆಗ ನನಗೆ ಯಾರೂ ಊರು ಬಿಟ್ಟವನು ಎನ್ನಲಿಲ್ಲ, ಆದರೆ ಬಿಟ್ಟಿದ್ದೆ. ಆ ನೋವಿಗೆ ನನ್ನಲ್ಲಿ ಉತ್ತರವಿಲ್ಲ. ಅದರ ಹೆಸರಿನಲ್ಲಿ ಮಗಳನ್ನು ಕಟ್ಟಿಹಾಕಬಾರದು ಎಂಬುದಷ್ಟೇ ಗೊತ್ತು. ಹೋಗುವ ಮಕ್ಕಳೇ, ಟಿಕೆಟ್ ಕೊಳ್ಳುವ ಮೊದಲು ಭಾಷೆಯ ತರಗತಿಗೆ ಸೇರಿಕೊಳ್ಳಿ.

ವಿರೋಧ
ಇಲ್ಲಿ ಬೇಕಾದವರೇ ಹೋದರೆ ಹೇಗೆ?

ಎಂಜಿನಿಯರ್ ಸಾಹೇಬರು ಏನು ಬರೆದಿರುತ್ತಾರೆಂದು ನನಗೆ ಗೊತ್ತು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅವರ ಈ ವಾದ ಎಷ್ಟೋ ಸಲ ಕೇಳಿದ್ದೇನೆ. ಅವರ ಮೇಲೆ ಗೌರವವಿದೆ. ಆದರೆ ಹಾಸನದಿಂದ ಬಿ.ಗುಡಿಗೆ ಬಂದದ್ದನ್ನೂ ಇಲ್ಲಿಂದ ಜರ್ಮನಿಗೆ ಹೋದದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅವರಿಗೆ ಸರಕಾರ ಸಂಬಳ, ಮನೆ, ಪಿಂಚಣಿ ಕೊಟ್ಟಿತು. ವೀಸಾ ಯಾರೂ ಕೇಳಲಿಲ್ಲ. ಮತದಾನದ ಹಕ್ಕು ಹೋಗಲಿಲ್ಲ. ಬೇಡವೆಂದರೆ ರಾತ್ರಿ ಬಸ್ಸಿಗೆ ಹಿಂದಿರುಗಬಹುದಿತ್ತು.

ಖರ್ಚಿನ ಮಾತು ಮೊದಲು. ಜರ್ಮನಿಗೆ ಓದಲು ಹೋಗುವವರು ಜೀವನವೆಚ್ಚಕ್ಕೆಂದು ಖಾತೆಯಲ್ಲಿ ವರ್ಷಕ್ಕೆ 11,904 ಯೂರೊ ಇಟ್ಟು ತೋರಿಸಬೇಕು, ಅಂದರೆ ಸುಮಾರು 12 ಲಕ್ಷ ರೂಪಾಯಿ. ಅಮೆರಿಕ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿತು. ನಿಯಮಗಳು ರಾತ್ರೋರಾತ್ರಿ ಬದಲಾಗುತ್ತವೆ. ತೊಗರಿ, ಹತ್ತಿ ನಂಬಿದ ಮನೆ ಇಂಥ ಜೂಜಿಗೆ ಸಾಲ ಮಾಡಬಾರದು.

ಕಾನೂನಿನ ಮಾತೂ ಇದೆ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಜರ್ಮನಿ ಒಪ್ಪಿದರೂ ನಾವು ಒಪ್ಪುವುದಿಲ್ಲ. ಪಾಸ್‌ಪೋರ್ಟ್ ಬದಲಾದ ಮೇಲೆ ಸಿಗುವ ಒಸಿಐ ಕಾರ್ಡಿನಿಂದ ಬಂದುಹೋಗಬಹುದು, ಮತ ಹಾಕುವಂತಿಲ್ಲ.

ಮುಖ್ಯ ಮಾತು ಸಂವಿಧಾನದ 371ಜೆ ವಿಧಿ. ವೈಜನಾಥ ಪಾಟೀಲರಂಥವರು ದಶಕಗಟ್ಟಲೆ ಹೋರಾಡಿದ ಮೇಲೆ 2012ರಲ್ಲಿ ಸಂವಿಧಾನಕ್ಕೆ 98ನೇ ತಿದ್ದುಪಡಿ ಬಂತು. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ನಮ್ಮ ಮಕ್ಕಳಿಗೆ ಮೀಸಲಾಯಿತು. ಯಾದಗಿರಿಗೇ ವೈದ್ಯಕೀಯ ಕಾಲೇಜು ಬಂತು. ಯಾಕೆ ಕೇಳಿದ್ದೆವು? 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡೆಯದು. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲೂ ನಮ್ಮದು ಕೊನೆಯ ಸ್ಥಾನ, ಶೇ 50.59. ಇಂಥ ಜಿಲ್ಲೆಯಲ್ಲಿ ಒಬ್ಬ ಹುಡುಗ ಡಾಕ್ಟರ್ ಆಗುವುದರ ಹಿಂದೆ ಒಂದಿಡೀ ಊರಿನ ಕೂಗಿದೆ. ಆ ಸೀಟು ಹಿಡಿದು ಓದಿ, ಕೆಲಸದ ಹೊತ್ತಿಗೆ ಟೊರೊಂಟೊಗೆ ಹೋದರೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಕುರ್ಚಿಯಲ್ಲಿ ಯಾರು ಕೂಡಬೇಕು? ಬೆಂಗಳೂರಿನ ಹುಡುಗ ಹೋದರೆ ಅವನ ಜಾಗಕ್ಕೆ ಹತ್ತು ಮಂದಿ ಇದ್ದಾರೆ. ನಮ್ಮಲ್ಲಿ ಇಲ್ಲ.

ಇದಕ್ಕೆ ಉತ್ತರವೂ ಬರುತ್ತದೆಂದು ಬಲ್ಲೆ. ನನ್ನ ತರಗತಿಯಲ್ಲಿ ಮೊದಲ ಸಾಲಿನಲ್ಲಿ ಕೂಡುತ್ತಿದ್ದ ಹುಡುಗನೊಬ್ಬ ಎಂಜಿನಿಯರಿಂಗ್ ಮುಗಿಸಿ ನಾಲ್ಕು ವರ್ಷ ನೇಮಕಾತಿ ಅಧಿಸೂಚನೆಗೆ ಕಾದ. ಪರೀಕ್ಷೆ ಮುಂದಕ್ಕೆ ಹೋಗುತ್ತಲೇ ಇತ್ತು, ವಯಸ್ಸು ಮೀರುತ್ತಲೇ ಇತ್ತು. ಈಗ ಅವನು ಆಸ್ಟ್ರೇಲಿಯಾದಲ್ಲಿದ್ದಾನೆ. ಹೋಗುವ ಮುಂಚೆ ನಮ್ಮ ಮನೆಗೆ ಬಂದು ‘ಸರ್, ನೀವೇ ಹೇಳ್ರಿ, ಇನ್ನೆಷ್ಟು ವರ್ಷ ಕಾಯಲಿ?’ ಎಂದ. ನನ್ನಿಂದ ಏನೂ ಹೇಳಲಾಗಲಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಂತೂ ನನ್ನ ವಾದ ಇನ್ನೂ ಸಡಿಲ. ಹದಿನೆಂಟು ತುಂಬುವ ಮೊದಲೇ ಮದುವೆಯ ಮಾತು ಶುರುವಾಗುವ ಹಳ್ಳಿಯಿಂದ ಒಬ್ಬ ಹುಡುಗಿ ಓದಿ ದೂರ ಹೋದರೆ, ಹಿಂದಿರುಗು ಎನ್ನಲು ನನಗೆ ಧೈರ್ಯ ಸಾಲದು. ಹಾಗಾದರೆ ನನ್ನ ವಿರೋಧ ಯಾರಿಗೆ ಎಂದು ಕೇಳಬಹುದು. ಇಲ್ಲಿ ಕೆಲಸ ಸಿಕ್ಕೂ ಬಿಟ್ಟು ಹೋಗುವವರಿಗೆ. ಅಂಥವರೂ ಇದ್ದಾರೆ.

ಕೊನೆಗೆ ಹೊಲದ ಮಾತು. ಶಹಾಪುರ ಶಾಖಾ ಕಾಲುವೆಯ ಕೆಳಗೆ ನಮ್ಮದು ಆರು ಎಕರೆ. ಕಾಲುವೆಯ ಕೊನೆಯಂಚಿನ ಹೊಲ. ಚಾಲು-ಬಂದ್ ಲೆಕ್ಕದಲ್ಲಿ ನಮ್ಮ ಪಾಳಿಗೆ ನೀರು ಮುಟ್ಟುವುದು ಕಡೆಗೆ. ಅಪ್ಪ ರಾತ್ರಿ ಬ್ಯಾಟರಿ ಹಿಡಿದು ದಂಡೆಯಗುಂಟ ನಡೆದು, ಮೇಲಿನವರು ತೂಬು ಎತ್ತಿಟ್ಟಿದ್ದಾರೆಯೇ ಎಂದು ನೋಡಿ ಬರುತ್ತಿದ್ದ. ಒಂದೊಂದು ಸಲ ಬೆಳಗಿನ ಜಾವಕ್ಕೆ ಬರುತ್ತಿದ್ದ, ಮೊಣಕಾಲವರೆಗೂ ಎರೆಮಣ್ಣು ಮೆತ್ತಿರುತ್ತಿತ್ತು. ಇಂಥ ಹೊಲ ಮಾರಿ ಪರದೇಶದ ಫೀಸು ಕಟ್ಟಿದ ಮನೆಗಳನ್ನು ಈಗ ನಮ್ಮೂರಲ್ಲೇ ನೋಡುತ್ತಿದ್ದೇನೆ. ಅವರಿಗೆ ಒಂದು ವಿಷಯ ಗೊತ್ತಿರುವುದಿಲ್ಲ. ವಿದೇಶದಲ್ಲಿ ನೆಲೆಸಿದವರು, ಅವರ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇರಲಿ, ಒಸಿಐ ಕಾರ್ಡ್ ಇರಲಿ, ಇಲ್ಲಿ ಕೃಷಿಭೂಮಿ ಕೊಳ್ಳುವಂತಿಲ್ಲ. ಹಿರಿಯರಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು, ಅಷ್ಟೇ. ಮುಂದೆ ಎಷ್ಟು ದುಡ್ಡು ಮಾಡಿದರೂ, ಮಾರಿದ ಹೊಲವನ್ನು ಅಲ್ಲಿದ್ದುಕೊಂಡು ತಿರುಗಿ ಪಡೆಯಲಾಗದು.

ಹೋಗಲೇಬೇಕು ಎನ್ನುವವರು ಬ್ಯಾಂಕ್ ಸಾಲ ಮಾಡಿ, ಬಂಧುಗಳನ್ನು ಕೇಳಿ, ಎರಡು ವರ್ಷ ತಡವಾಗಿ ಹೋಗಿ. ಹೊಲ ಮಾರಿ ಹೋಗಬೇಡಿ.